ಕ್ಯಾಮ್ ಸೆನ್ಸರ್ ಬದಲಿಸುವ ಮೊದಲು: ಆಸಿಲೋಸ್ಕೋಪಿನಲ್ಲಿ ದೋಷ ಹುಡುಕುವ ಕ್ರಮ

ಸ್ಕ್ಯಾನರ್ ಹಚ್ಚಿದಾಗ ಪಿ0340 ಎಂಬ ದೋಷದ ಕೋಡ್ ಬಂತೆಂದರೆ ಕ್ಯಾಮ್ ಸೆನ್ಸರ್ (ವಾಲ್ವುಗಳನ್ನು ತೆರೆಸುವ ಕ್ಯಾಮ್ ದಂಡ ಎಲ್ಲಿದೆ ಎಂದು ತಿಳಿಸುವ ಸೆನ್ಸರ್) ತರಿಸಿ ಹಾಕಿಬಿಡುವುದು ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಕಡೆ ರೂಢಿಯಾಗಿದೆ. ಹೊಸ ಸೆನ್ಸರ್ ಹಾಕಿದ ಮೇಲೆ ವಾರ ಹತ್ತು ದಿನ ಗಾಡಿ ಸರಿಯಾಗಿಯೇ ಇರುತ್ತದೆ. ಕನೆಕ್ಟರ್ ಬಿಚ್ಚಿ ಮತ್ತೆ ಕೂರಿಸುವಾಗ ಪಿನ್ನುಗಳು ಒಂದಕ್ಕೊಂದು ಉಜ್ಜಿಕೊಂಡು ತಾತ್ಕಾಲಿಕವಾಗಿ ಚೊಕ್ಕಟವಾದದ್ದೇ ಆ ಸುಧಾರಣೆಗೆ ಕಾರಣ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಆಮೇಲೆ ಅದೇ ದೀಪ, ಅದೇ ಕೋಡ್. ಯಜಮಾನರ ಸಾವಿರಾರು ರೂಪಾಯಿ ಹೋಗಿರುತ್ತದೆ, ಸರಿಯಿದ್ದ ಹಳೆಯ ಸೆನ್ಸರ್ ಗುಜರಿಗೆ ಸೇರಿರುತ್ತದೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಏಕೆಂದರೆ ಆ ಕೋಡ್ ಸೆನ್ಸರ್ ಕೆಟ್ಟಿದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಅದು ಹೇಳುವುದು ಸೆನ್ಸರಿನ ಸರ್ಕ್ಯೂಟಿನ ಬಗ್ಗೆ. ಸೆನ್ಸರ್, ಅದರ ವೈರುಗಳು, ಎರಡೂ ತುದಿಯ ಪಿನ್ನುಗಳು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿನ ಒಳಗಿನ ಭಾಗ ಎಲ್ಲವೂ ಅದರಲ್ಲಿ ಬಂತು. ಉಪ್ಪುಗಾಳಿಯ ನಮ್ಮ ಊರುಗಳಲ್ಲಿ ಇವುಗಳಲ್ಲಿ ಮೊದಲು ಸೋಲುವುದು ಪಿನ್ನು.

ಇದನ್ನು ಒಂದು ಗಾಡಿಯ ಉದಾಹರಣೆಯೊಂದಿಗೆ ವಿವರಿಸುತ್ತೇನೆ. ಹೊನ್ನಾವರದ ಪೆಟ್ರೋಲ್ ಕಾರು, ವಾರಕ್ಕೊಮ್ಮೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುವಂಥದ್ದು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಹೊರಡುತ್ತದೆ. ಘಟ್ಟ ಹತ್ತಿದ ಮೇಲೆ ಚಹಾಕ್ಕೆಂದು ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಹಿಡಿದುಕೊಳ್ಳುವುದಿಲ್ಲ; ಬಹಳ ಹೊತ್ತು ಎಳೆದ ಮೇಲೆ ಹೇಗೋ ಹತ್ತಿಕೊಳ್ಳುತ್ತದೆ. ಹತ್ತಿಕೊಂಡ ಮೇಲೆ ಓಟದಲ್ಲಿ ಯಾವ ಕೊರತೆಯೂ ಇಲ್ಲ. ಬೇರೊಂದು ಕಡೆ ಸೆನ್ಸರ್ ಒಮ್ಮೆ ಬದಲಾಗಿತ್ತು. “ಸೆನ್ಸರ್ ಹೊಸದೇ ಇದೆ, ಅದನ್ನು ಬಿಟ್ಟು ಬೇರೆ ಏನಾದರೂ ನೋಡಿ” ಎಂದು ಯಜಮಾನರೇ ಹೇಳಿದರು.

ಲಕ್ಷಣವೇ ಅರ್ಧ ದಾರಿ ತೋರಿಸುತ್ತದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಪಿಸ್ಟನ್ ಮೇಲೆ ಬಂದದ್ದು ಕ್ರ್ಯಾಂಕ್ ಸೆನ್ಸರಿನಿಂದ ಇಸಿಯುವಿಗೆ ತಿಳಿಯುತ್ತದೆ. ಆದರೆ ಅದು ಬಂದದ್ದು ಉರಿಸುವ ಹೊಡೆತಕ್ಕೋ ಹೊಗೆ ಹೊರದೂಡುವುದಕ್ಕೋ ಎಂದು ತಿಳಿಯಬೇಕಾದರೆ ಕ್ಯಾಮ್ ಸೆನ್ಸರ್ ಬೇಕು. ಅನೇಕ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ ಕ್ಯಾಮ್ ಸಂಕೇತ ತಪ್ಪಿಹೋದರೂ ಓಟ ಮುಂದುವರಿಯುತ್ತದೆ, ಏಕೆಂದರೆ ಇಸಿಯುವಿಗೆ ಲೆಕ್ಕ ಆಗಲೇ ಸಿಕ್ಕಿರುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಹೊಸದಾಗಿ ಸ್ಟಾರ್ಟ್ ಮಾಡುವಾಗ. ಅದೇ ಓಡುತ್ತಿದ್ದ ಗಾಡಿ ಏಕಾಏಕಿ ಬಂದ್ ಬಿದ್ದರೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರಿನ ಮೇಲೆ, ಕೋಡ್ ಯಾವುದೇ ಇರಲಿ. ಕೆಲವು ಮಾದರಿಗಳು ಕ್ಯಾಮ್ ತಪ್ಪಿದರೂ ನಿಲ್ಲುತ್ತವೆ. ಹಾಗಾಗಿ ಎರಡನ್ನೂ ಒಟ್ಟಿಗೆ ನೋಡದೆ ತೀರ್ಮಾನಕ್ಕೆ ಬರಬಾರದು. ಭಾಗವತರ ತಾಳ ತಪ್ಪಿತೋ ಮದ್ದಳೆ ತಪ್ಪಿತೋ ಎನ್ನುವುದು ಎರಡನ್ನೂ ಒಟ್ಟಿಗೆ ಕೇಳಿದವನಿಗೆ ಮಾತ್ರ ಗೊತ್ತಾಗುವಂತೆ ಇದೂ.

ಯಾವ ಜಾತಿಯ ಸೆನ್ಸರ್?

ಕನೆಕ್ಟರಿನಲ್ಲಿ ಮೂರು ವೈರ್ ಇದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತದ ಬಲದ ಏರಿಳಿತ ಗ್ರಹಿಸುವಂಥದ್ದು: ಒಂದು ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಎರಡೇ ವೈರ್ ಇದ್ದರೆ ಹೆಚ್ಚಾಗಿ ಅಯಸ್ಕಾಂತಕ್ಕೆ ಸುತ್ತಿದ ಕಾಯಿಲ್. ಕಾಯಿಲ್ ಸೆನ್ಸರ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಅದರ ಅಲೆ ಸೊನ್ನೆಯ ಮೇಲೂ ಕೆಳಗೂ ಹೋಗುತ್ತದೆ, ವೇಗ ಹೆಚ್ಚಿದಂತೆ ಎತ್ತರವಾಗುತ್ತದೆ. ಆ ಕಾಯಿಲನ್ನು ಮಲ್ಟಿಮೀಟರಿನ ಓಮ್ ಮಾಪನದಲ್ಲಿ ಅಳೆಯಬಹುದು. ಹಾಲ್ ಸೆನ್ಸರಿಗೆ ಓಮ್ ಹಚ್ಚುವುದಕ್ಕೆ ಅರ್ಥವೇ ಇಲ್ಲ. ಒಳಗಿರುವುದು ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್. “ಓಮ್ ತೋರಿಸುತ್ತಿಲ್ಲ, ಸೆನ್ಸರ್ ಸತ್ತಿದೆ” ಎಂದು ಎಸೆದ ಹಾಲ್ ಸೆನ್ಸರುಗಳು ಬಹಳ.

ಹಾಲ್ ಸೆನ್ಸರ್ ಕೆಲಸ ಮಾಡುವ ರೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಹೆಚ್ಚಿನ ಗಾಡಿಗಳಲ್ಲಿ ಸಿಗ್ನಲ್ ವೈರಿನ ಮೇಲಿನ 5 ವೋಲ್ಟ್ ಸೆನ್ಸರಿನಿಂದ ಬರುವುದಲ್ಲ, ಇಸಿಯುವಿನಿಂದ ಒಂದು ರೆಸಿಸ್ಟರಿನ ಮೂಲಕ ಬರುತ್ತದೆ. ಸೆನ್ಸರ್ ಮಾಡುವುದು ಇಷ್ಟೇ: ಕ್ಯಾಮಿನ ಚಕ್ರದ ಉಬ್ಬುತಗ್ಗುಗಳಿಗೆ ಸರಿಯಾಗಿ ಆ ವೈರನ್ನು ಅರ್ತಿಗೆ ಎಳೆಯುವುದು, ಬಿಡುವುದು. ಎಳೆದಾಗ ಸೊನ್ನೆಯ ಹತ್ತಿರ, ಬಿಟ್ಟಾಗ 5. ಆದ್ದರಿಂದ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿಯ ಕಡೆಯ ಸಿಗ್ನಲ್ ಪಿನ್ನಿನಲ್ಲಿ ಸುಮಾರು 5 ವೋಲ್ಟ್ ಕಂಡರೆ ಇಸಿಯುವಿನಿಂದ ಅಲ್ಲಿಯವರೆಗೆ ವೈರ್ ತುಂಡಾಗಿಲ್ಲ ಎಂದಾಯಿತು. ಕೆಲವು ಮಾದರಿಗಳಲ್ಲಿ ಇಲ್ಲಿ 12 ವೋಲ್ಟ್ ಇರುತ್ತದೆ. ಅದನ್ನು ದೋಷ ಎಂದುಕೊಳ್ಳಬೇಡಿ.

ಪ್ರೋಬ್ ಹಚ್ಚುವುದು

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವುದೇ ಆಸಿಲೋಸ್ಕೋಪ್, ಚಿಕ್ಕದಾಗಿ ಸ್ಕೋಪ್. ಎರಡು ಚಾನೆಲಿನ, ಬ್ಯಾಟರಿಯಿಂದ ನಡೆಯುವ ಕೈಯಲ್ಲಿ ಹಿಡಿಯುವ ಸ್ಕೋಪ್ ಸಾಕು. ಕರೆಂಟಿಗೆ ಸಿಕ್ಕಿಸುವ ಮೇಜಿನ ಸ್ಕೋಪಿನ ಅರ್ತ್ ಕ್ಲಿಪ್ ಮನೆಯ ಅರ್ತಿಂಗಿಗೆ ಸೇರಿರುತ್ತದೆ, ಎರಡೂ ಚಾನೆಲುಗಳ ಕ್ಲಿಪ್ ಒಳಗೆ ಒಂದೇ. ಅದರಲ್ಲಿ ಒಂದನ್ನು ತಪ್ಪಿ ಸಪ್ಲೈ ವೈರಿಗೆ ಹಚ್ಚಿದರೆ ಶಾರ್ಟ್. ಇಗ್ನಿಷನ್ ಕಾಯಿಲಿನ ಪ್ರೈಮರಿಗೆ ಸಾಮಾನ್ಯ ಪ್ರೋಬ್ ತಾಗಿಸಬೇಡಿ. ಅಲ್ಲಿ ನೂರಾರು ವೋಲ್ಟ್ ಏಳುತ್ತದೆ.

ಮೊದಲ ಚಾನೆಲ್ ಕ್ಯಾಮ್ ಸಿಗ್ನಲಿಗೆ, ಎರಡನೆಯದು ಕ್ರ್ಯಾಂಕ್ ಸಿಗ್ನಲಿಗೆ. ಕನೆಕ್ಟರ್ ಹಾಕಿಯೇ ಇರಲಿ, ಹಿಂಬದಿಯಿಂದ ರಬ್ಬರ್ ಸೀಲಿನ ಪಕ್ಕದಲ್ಲಿ ತೆಳು ಪಿನ್ನನ್ನು ನವಿರಾಗಿ ತೂರಿಸಿ. ವೈರಿನ ಹೊದಿಕೆಗೆ ಸೂಜಿ ಚುಚ್ಚುವ ಅಭ್ಯಾಸ ಬೇಡವೇ ಬೇಡ. ಒಣ ಹವೆಯ ಊರಿನಲ್ಲಿ ಅದು ಹೇಗೋ ನಡೆಯುತ್ತದೆ. ಇಲ್ಲಿ ಜೂನ್ ಕಳೆಯುವಷ್ಟರಲ್ಲಿ ಆ ಸೂಜಿ ತೂತಿನಿಂದ ತೇವ ಒಳಗಿಳಿದು ತಾಮ್ರದ ಎಳೆಗಳು ಕಿಲುಬು ಹಿಡಿಯುತ್ತವೆ. ಇವತ್ತಿನ ಪರೀಕ್ಷೆ ಮುಂದಿನ ವರ್ಷದ ದೋಷವಾಗುತ್ತದೆ.

ಇನ್ನು ಅರ್ತ್ ಕ್ಲಿಪ್. ಇಡೀ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವುದು ಇದನ್ನೇ. ಕ್ಲಿಪ್ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಬೀಳಬೇಕು. ಹತ್ತಿರದಲ್ಲಿದೆ ಎಂದು ಸೆನ್ಸರಿನದೇ ಅರ್ತ್ ಪಿನ್ನಿಗೆ ಹಚ್ಚಿದರೆ, ಆ ಅರ್ತ್ ಕೆಟ್ಟು ಮೇಲೇರಿದ್ದರೂ ಸ್ಕೋಪಿನ ಸೊನ್ನೆ ಅದರ ಜೊತೆಗೇ ಮೇಲೇರುತ್ತದೆ. ಪರದೆಯ ಮೇಲೆ ಅಲೆ ಸೊನ್ನೆಯಿಂದಲೇ ಹೊರಟಂತೆ ಕಾಣುತ್ತದೆ, ದೋಷ ಕಣ್ಣೆದುರೇ ಅಡಗಿಬಿಡುತ್ತದೆ.

ಸೆಟ್ಟಿಂಗಿನ ಲೆಕ್ಕ ಸರಳ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕಿನ ಒಂದು ಸುತ್ತಿಗೆ 75 ಮಿಲಿಸೆಕೆಂಡ್, ಕ್ಯಾಮಿನ ಒಂದು ಸುತ್ತಿಗೆ 150. ಪರದೆಯ ಚೌಕಳಿಯ ಮನೆಯೊಂದಕ್ಕೆ 20 ಮಿಲಿಸೆಕೆಂಡ್ ಇಟ್ಟರೆ ಹತ್ತು ಮನೆಗಳಲ್ಲಿ ಕ್ಯಾಮಿನ ಪೂರ್ತಿ ಸುತ್ತು ಸಿಗುತ್ತದೆ. ಸೆಲ್ಫ್ ಹೊಡೆಯುವಾಗ ವೇಗ 200ರ ಆಸುಪಾಸು. ಆಗ ಕ್ಯಾಮಿನ ಸುತ್ತಿಗೆ 600 ಮಿಲಿಸೆಕೆಂಡ್ ಬೇಕು, ಮನೆಯೊಂದಕ್ಕೆ 100 ಇಡಿ. ವೋಲ್ಟೇಜ್ ಮನೆಯೊಂದಕ್ಕೆ 1 ವೋಲ್ಟ್. ಟ್ರಿಗರ್, ಅಂದರೆ ಸ್ಕೋಪ್ ಗೆರೆ ಎಳೆಯಲು ಆರಂಭಿಸುವ ಗುರುತು, ಕ್ಯಾಮ್ ಚಾನೆಲಿನ ಇಳಿಯುವ ಅಂಚಿಗೆ. ಅಗ್ಗದ ಸ್ಕೋಪಿನಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದರ ನೆನಪಿನ ಸಾಮರ್ಥ್ಯ ಒಂದು ಸಾವಿರ ಬಿಂದುವಷ್ಟೇ ಇದ್ದು, ಪರದೆಯಲ್ಲಿ ಎರಡು ಸೆಕೆಂಡ್ ತುಂಬಿಸಲು ಹೋದರೆ ಸೆಕೆಂಡಿಗೆ 500 ಬಿಂದುವಷ್ಟೇ ಸಿಗುತ್ತದೆ. 60 ಹಲ್ಲಿನ ಲೆಕ್ಕದ ಕ್ರ್ಯಾಂಕ್ ಚಕ್ರದಿಂದ ಐಡಲಿನಲ್ಲಿಯೇ ಸೆಕೆಂಡಿಗೆ 800 ಹಲ್ಲು ಹಾದುಹೋಗುತ್ತವೆ. ಆಗ ಪರದೆಯ ಮೇಲೆ ಕಾಣುವ ಬಿರುಕುಗಳು ಸೆನ್ಸರಿನದಲ್ಲ, ಸ್ಕೋಪಿನದು.

ಗೆರೆ ಏನು ಹೇಳುತ್ತದೆ

ಒಳ್ಳೆಯ ಹಾಲ್ ಅಲೆಗೆ ಅಂಚುಗಳು ಕಡಿದಿಟ್ಟಂತೆ ನೇರ, ಮೇಲ್ಗೆರೆ 5 ವೋಲ್ಟಿನ ಹತ್ತಿರ ಸಪಾಟು, ಕೆಳಗೆರೆ 0.2 ವೋಲ್ಟಿನ ಸುತ್ತಮುತ್ತ. ಉಬ್ಬುಗಳ ಸಂಖ್ಯೆ ಮತ್ತು ಅಗಲ ಮಾದರಿಯಿಂದ ಮಾದರಿಗೆ ಬೇರೆ. ಅಗಲ ಕಿರಿದು ಇರುವುದೇ ದೋಷವಲ್ಲ; ಪ್ರತಿ ಸುತ್ತಿನಲ್ಲಿಯೂ ಅದೇ ವಿನ್ಯಾಸ ತಪ್ಪದೆ ಮರುಕಳಿಸಬೇಕು, ಅಷ್ಟೇ.

ಮೇಲಿನ 5 ವೋಲ್ಟಿನಲ್ಲಿಯೇ ಗೆರೆ ಮಲಗಿದ್ದರೆ ಸೆನ್ಸರ್ ಎಳೆಯುತ್ತಿಲ್ಲ: ಸಪ್ಲೈ ಬರುತ್ತಿಲ್ಲ, ಅರ್ತ್ ಪೂರ್ತಿ ಕಡಿದಿದೆ, ಸೆನ್ಸರ್ ಸತ್ತಿದೆ, ಇಲ್ಲವೇ ಕ್ಯಾಮ್ ತಿರುಗುತ್ತಲೇ ಇಲ್ಲ. ಕೊನೆಯದನ್ನು ನಗಣ್ಯ ಮಾಡಬೇಡಿ, ಟೈಮಿಂಗ್ ಬೆಲ್ಟ್ ತುಂಡಾದ ಗಾಡಿಯೂ ಇದೇ ಗೆರೆ ತೋರಿಸಬಹುದು. ಸೊನ್ನೆಯಲ್ಲಿ ಮಲಗಿದ್ದರೆ ಸೆನ್ಸರ್ ಕನೆಕ್ಟರ್ ಬಿಚ್ಚಿ ನೋಡಿ. 5ಕ್ಕೆ ಹಾರಿದರೆ, ಕ್ಯಾಮ್ ತಿರುಗುತ್ತಿರುವುದು ಖಾತ್ರಿಯಿದ್ದಲ್ಲಿ, ಶಾರ್ಟ್ ಸೆನ್ಸರಿನ ಒಳಗಿತ್ತು; ಹಾರದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ಅಥವಾ ಇಸಿಯುವಿನಿಂದಲೇ 5 ವೋಲ್ಟ್ ಹೊರಟಿಲ್ಲ. ಇವೆರಡೂ ಸುಲಭದ ದೋಷಗಳು, ಮಲ್ಟಿಮೀಟರಿನಲ್ಲಿಯೂ ಸಿಕ್ಕುತ್ತವೆ.

ಕಷ್ಟದ್ದು, ನಮ್ಮ ಕರಾವಳಿಯಲ್ಲಿ ನಾನು ಹೆಚ್ಚು ಕಂಡದ್ದು, ಕೆಳಗೆರೆ ಮೇಲೇರುವುದು. ಅಲೆ ಇದೆ, ಅಂಚು ನೇರವಾಗಿದೆ, ಮೇಲೆ 5ಕ್ಕೂ ಹೋಗುತ್ತದೆ. ಆದರೆ ಕೆಳಗೆ ಬರುವಾಗ ಸೊನ್ನೆಯವರೆಗೆ ಇಳಿಯದೆ ನಡುವೆ ಎಲ್ಲೋ ನಿಲ್ಲುತ್ತದೆ. ಅರ್ಧ ವೋಲ್ಟ್ ದಾಟಿದರೆ ನಾನು ಕಾರಣ ಹುಡುಕದೆ ಬಿಡುವುದಿಲ್ಲ. ಇಸಿಯು ಎಷ್ಟರ ಕೆಳಗೆ ಬಂದರೆ ಅದನ್ನು ಒಪ್ಪುತ್ತದೆ ಎನ್ನುವ ಮಿತಿ ಪ್ರತಿ ಗಾಡಿಗೂ ಬೇರೆ. ಮಿತಿಯ ಅಂಚಿನಲ್ಲಿರುವ ಗಾಡಿಯೇ ಒಮ್ಮೆ ಹೊರಟು ಒಮ್ಮೆ ಕೈಕೊಡುವುದು.

ಹೊನ್ನಾವರದ ಆ ಕಾರಿನಲ್ಲಿ ಕಂಡದ್ದು ಇದೇ. ತಣ್ಣಗಿದ್ದಾಗ ಕೆಳಗೆರೆ 0.6 ವೋಲ್ಟಿನಲ್ಲಿತ್ತು, ನೋಡಿದವರು ಪರವಾಗಿಲ್ಲ ಎಂದು ಬಿಟ್ಟುಬಿಡುವಷ್ಟು. ಬಿಸಿ ಮಾಡಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಾನೆಟ್ ಮುಚ್ಚಿಟ್ಟು ಸೆಲ್ಫ್ ಹೊಡೆದಾಗ ಅದು 2 ವೋಲ್ಟಿಗೆ ಏರಿತು. ಎಂಜಿನ್ ನಡುಗಿದಂತೆಲ್ಲ ಕೆಳಗೆರೆಯೂ ನಡುಗಿತು, ನಡುನಡುವೆ ಕೆಲವು ಉಬ್ಬುಗಳು ಕಾಣೆಯಾದವು. ಕ್ರ್ಯಾಂಕಿನ ಗೆರೆ ಮಾತ್ರ ಹಲ್ಲಿಗೆ ಹಲ್ಲು ಸರಿಯಾಗಿತ್ತು.

ಆಗ ಕ್ಲಿಪ್ಪನ್ನು ಬ್ಯಾಟರಿಯ ಮೇಲೆಯೇ ಬಿಟ್ಟು ಪ್ರೋಬನ್ನು ಸೆನ್ಸರಿನ ಅರ್ತ್ ಪಿನ್ನಿಗೆ ತಂದೆ. ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.1 ವೋಲ್ಟ್ ಇರಬೇಕಾದ ಜಾಗದಲ್ಲಿ 1.8 ವೋಲ್ಟ್ ಇತ್ತು. ಲೆಕ್ಕ ಅಲ್ಲಿಗೆ ಕೂಡಿಬಂತು: 1.8 ಅರ್ತಿನ ಕೊರತೆ, ಅದರ ಮೇಲೆ ಸೆನ್ಸರಿನದೇ ಸಹಜವಾದ 0.2. ಉಬ್ಬುಗಳು ಕಾಣೆಯಾದದ್ದಕ್ಕೂ ಉತ್ತರ ಇಲ್ಲಿಯೇ ಇದೆ. ಸಪ್ಲೈ 5 ವೋಲ್ಟ್ ಇದ್ದರೂ ಅರ್ತ್ 1.8ಕ್ಕೆ ಏರಿದ್ದರೆ ಸೆನ್ಸರಿಗೆ ನಿಜವಾಗಿ ಸಿಗುವುದು 3.2 ಮಾತ್ರ. ಅಷ್ಟರಲ್ಲಿ ಅದು ಒಮ್ಮೆ ಎಚ್ಚರವಾಗಿ ಒಮ್ಮೆ ಮಲಗುತ್ತದೆ. ಈ ಸ್ಥಿತಿಯಲ್ಲಿ ಯಾವ ಕಂಪನಿಯ ಹೊಸ ಸೆನ್ಸರ್ ತಂದು ಹಾಕಿದರೂ ಗತಿ ಇದೇ.

ಮಲ್ಟಿಮೀಟರ್ ಇದನ್ನು ಏಕೆ ಹಿಡಿಯಲಿಲ್ಲ? ಕನೆಕ್ಟರ್ ಬಿಚ್ಚಿ ಸಪ್ಲೈ ಮತ್ತು ಅರ್ತ್ ನಡುವೆ ಅಳೆದರೆ ಪೂರ್ತಿ 5 ತೋರಿಸುತ್ತದೆ. ಆ ಹೊತ್ತಿಗೆ ಸೆನ್ಸರ್ ಕರೆಂಟ್ ಎಳೆಯುತ್ತಿಲ್ಲವಾದ್ದರಿಂದ ಪಿನ್ನಿನ ಅಡೆತಡೆ ಬಯಲಿಗೆ ಬರುವುದೇ ಇಲ್ಲ. ಕನೆಕ್ಟರ್ ಹಾಕಿರಬೇಕು, ಗಾಡಿ ಬಿಸಿಯಾಗಿರಬೇಕು, ಸೆಲ್ಫ್ ತಿರುಗುತ್ತಿರಬೇಕು. ದೋಷ ಬರುವ ಹೊತ್ತಿನಲ್ಲಿ, ಅದು ಬರುವ ಜಾಗದಲ್ಲಿಯೇ ನೋಡಬೇಕು.

ವೈರಿಗೆ ಕತ್ತರಿ ಹಾಕುವ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಸೆನ್ಸರಿನ ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವಿಗೆ ತಾತ್ಕಾಲಿಕವಾಗಿ ಒಂದು ವೈರ್ ಎಳೆದು ಮತ್ತೆ ಸೆಲ್ಫ್ ಹೊಡೆಯಿರಿ. ಕೆಳಗೆರೆ ತನ್ನ ಜಾಗಕ್ಕೆ ಇಳಿದು ಎಂಜಿನ್ ಕೂಡಲೇ ಹಿಡಿದುಕೊಂಡರೆ ಸಾಬೀತಾಯಿತು. ಇದು ಪರೀಕ್ಷೆಗೆ ಮಾತ್ರ. ಆ ವೈರನ್ನೇ ಟೇಪು ಸುತ್ತಿ ಬಿಟ್ಟು ಗಾಡಿ ಕಳಿಸಬೇಡಿ. ಸೆನ್ಸರುಗಳ ಅರ್ತ್ ಇಸಿಯುವಿಗೇ ಹೋಗಿ ಸೇರುವಂತೆ ಮಾಡಿರುವುದಕ್ಕೆ ಕಾರಣವಿದೆ, ಹೊರಗಿನ ಗದ್ದಲ ಅದರಲ್ಲಿ ಬೆರೆಯಬಾರದು.

ಕೊರತೆ ಎಲ್ಲಿದೆ ಎಂದು ಹುಡುಕಲು ಇನ್ನೊಂದು ದಾರಿ ಸಿಕ್ಕಿತು. ಆ ಗಾಡಿಯಲ್ಲಿ ಹಲವು ಸೆನ್ಸರುಗಳ ಅರ್ತ್ ವೈರುಗಳು ಒಂದು ಗಂಟಿನಲ್ಲಿ ಸೇರಿ ಇಸಿಯುವಿಗೆ ಹೋಗುತ್ತವೆ. ಗಂಟೇ ಕೆಟ್ಟಿದ್ದರೆ ಕೂಲಂಟ್ ತಾಪಮಾನ, ಥ್ರಾಟಲ್ ಮುಂತಾದವುಗಳ ಅಂಕಿಗಳೂ ಸ್ಕ್ಯಾನರಿನಲ್ಲಿ ಏರುಪೇರಾಗಬೇಕಿತ್ತು. ಅವೆಲ್ಲ ಸರಿಯಿದ್ದವು. ಅಂದಮೇಲೆ ದೋಷ ಗಂಟಿನಿಂದ ಕ್ಯಾಮ್ ಸೆನ್ಸರಿನ ಪಿನ್ನಿನ ನಡುವೆಯೇ ಇರಬೇಕು. ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದಾಗ ಮೂರರಲ್ಲಿ ಎರಡು ಪಿನ್ನು ಬೆಳ್ಳಗೆ ಹೊಳೆಯುತ್ತಿದ್ದವು. ಅರ್ತಿನದರ ತುಟಿಗಳು ಅಗಲವಾಗಿ, ಬುಡದಲ್ಲಿ ವೈರನ್ನು ಕ್ರಿಂಪ್ ಮಾಡಿದ (ಅದುಮಿ ಬಿಗಿದ) ಕಡೆ ಹಸಿರು ಕಿಲುಬು ಪುಡಿಯಾಗಿ ಕೂತಿತ್ತು. ಹಿಂಬದಿಯ ಸಣ್ಣ ರಬ್ಬರ್ ಸೀಲ್ ಸರಿದುಹೋಗಿ ಅಲ್ಲಿಂದ ನೀರು ಇಳಿದಿತ್ತು. ಬಿಸಿಯಾದಾಗ ಪಿನ್ನು ಹಿಗ್ಗಿ ಹಿಡಿತ ಮತ್ತಷ್ಟು ಸಡಿಲ.

ಇಂಥ ನೀರು ಎಲ್ಲಿಂದ ಬರುತ್ತದೆ ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಓಡಿದ ಗಾಡಿಗೆ ಮಂಜುಗಡ್ಡೆ ಕರಗಿದ ಉಪ್ಪುನೀರು ಸಿಡಿಯುತ್ತದೆ. ಅದನ್ನು ತೊಳೆಯಲೆಂದು ಬಾನೆಟ್ ಎತ್ತಿ ಪ್ರೆಷರ್ ಪಂಪಿನಿಂದ ನೀರು ಹೊಡೆಸುತ್ತಾರೆ, ಅದು ಉಪ್ಪನ್ನು ಕನೆಕ್ಟರಿನ ಒಳಕ್ಕೇ ತಳ್ಳುತ್ತದೆ. ಎಂಜಿನ್ ಕೋಣೆಗೆ ಪ್ರೆಷರ್ ಪಂಪು ಬಳಸಬೇಡಿ ಎಂದು ಯಜಮಾನರಿಗೆ ಹೇಳುವುದು ನಮ್ಮ ಕೆಲಸದ ಭಾಗವೇ ಎಂದು ನಾನು ತಿಳಿದಿದ್ದೇನೆ.

ರಿಪೇರಿ ಮಾಡುವಾಗ ಕಿಲುಬು ಹಿಡಿದ ಪಿನ್ನನ್ನು ಮರಳುಕಾಗದದಲ್ಲಿ ತಿಕ್ಕಬೇಡಿ. ಮೇಲಿನ ತವರದ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕೆಡುತ್ತದೆ. ಒಳ್ಳೆಯ ತಾಮ್ರ ಕಾಣುವವರೆಗೆ ವೈರ್ ಕತ್ತರಿಸಿ, ಹೊಸ ಪಿನ್ನು, ಹೊಸ ಸೀಲ್ ಹಾಕಿ ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿ. ಕಪ್ಪಾದ ಎಳೆಗೆ ಹೊಸ ಪಿನ್ನು ಕಟ್ಟಿ ಪ್ರಯೋಜನವಿಲ್ಲ.

ಸೆನ್ಸರೇ ಕೆಟ್ಟಿರುವಾಗ

ಸೆನ್ಸರ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಿಸಿಗೆ ಸೋಲುವ ಹಾಲ್ ಸೆನ್ಸರುಗಳಿವೆ. ಅವುಗಳ ಗೆರೆ ಬೇರೆ ರೀತಿಯದು: ಸಪ್ಲೈ ಪಿನ್ನಿನಲ್ಲಿ 5, ಅರ್ತ್ ಪಿನ್ನಿನಲ್ಲಿ ಸೊನ್ನೆ, ಎರಡೂ ಅಲುಗಾಡುವುದಿಲ್ಲ, ಆದರೂ ಉಬ್ಬುಗಳು ತಪ್ಪುತ್ತವೆ. ಹೇರ್ ಡ್ರೈಯರಿನಲ್ಲಿ ಸೆನ್ಸರನ್ನು ಮಾತ್ರ ಬಿಸಿ ಮಾಡಿದಾಗ ತಪ್ಪುವುದು, ತಣಿದಾಗ ಸರಿಯಾಗುವುದು ಮರುಕಳಿಸಿದರೆ ನಿಶ್ಚಿಂತೆಯಿಂದ ಬದಲಿಸಿ. ತೆಗೆದಾಗ ತುದಿಯನ್ನು ಒರೆಸಿ ನೋಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದಂತೆ ಅಂಟಿದ್ದರೆ ಅಂಚುಗಳು ಸರಿಯುವುದಕ್ಕೆ ಅದೇ ಕಾರಣ ಇರಬಹುದು, ಮತ್ತು ಆ ಪುಡಿ ಎಲ್ಲಿ ಸವೆದು ಬಂತು ಎಂಬ ಪ್ರಶ್ನೆಯೂ ಏಳುತ್ತದೆ.

ಸಿಗ್ನಲ್ ವೈರಿನ ನಡುವೆಯೇ ಅಡೆತಡೆ ಇದ್ದರೆ ಸೆನ್ಸರಿನ ಬಳಿ ಕೆಳಗೆರೆ ಸರಿಯಿದ್ದು ಇಸಿಯುವಿನ ಬಳಿ ಏರಿರುತ್ತದೆ. ಹಾಗಾಗಿ ಅನುಮಾನ ಬಂದಾಗ ಎರಡೂ ತುದಿಯಲ್ಲಿ ನೋಡಿ. ಘಟ್ಟದ ಮೇಲಿನ ಗಾಡಿಗಳಲ್ಲಿ, ಶಿರಸಿ, ಸಿದ್ದಾಪುರದ ಕಡೆ ಅಡಿಕೆ ರಾಶಿಯ ಪಕ್ಕದಲ್ಲಿ ನಿಲ್ಲಿಸುವ ಗಾಡಿಗಳಲ್ಲಿ, ಉಪ್ಪಿಗಿಂತ ಇಲಿಯ ಕಾಟ ಹೆಚ್ಚು. ಹೊದಿಕೆ ಹೋಗಿ ಒಂದೆರಡು ಎಳೆಯಷ್ಟೇ ಉಳಿದ ವೈರ್ ಅಲುಗಾಡಿಸಿದಾಗ ಗೆರೆ ಕಡಿಯುತ್ತದೆ. ಸ್ಕೋಪ್ ಓಡುತ್ತಿರುವಾಗಲೇ ವೈರಿಂಗನ್ನು ಗೇಣುಗೇಣಾಗಿ ಬಾಗಿಸುತ್ತಾ ಹೋಗಿ.

ಎರಡೂ ಗೆರೆ ಚೆನ್ನಾಗಿದ್ದು ಹೊಂದಾಣಿಕೆ ತಪ್ಪಿದ್ದರೆ

ಪಿ0016 ಬಂದರೆ ವಿಷಯವೇ ಬೇರೆ. ಕ್ಯಾಮ್ ಮತ್ತು ಕ್ರ್ಯಾಂಕ್ ಒಂದಕ್ಕೊಂದು ಕೂಡುತ್ತಿಲ್ಲ ಎನ್ನುವುದು ಅದರ ತಾತ್ಪರ್ಯ. ಇಂಥ ಕಡೆ ಎರಡು ಚಾನೆಲಿನ ಬೆಲೆ ತಿಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲಿನ ಜಾಗವಿದ್ದು ಎರಡನ್ನು ಬಿಟ್ಟು 58 ಹಲ್ಲು ಇರುತ್ತವೆ, ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಹಲ್ಲಿಲ್ಲದ ಜಾಗದಿಂದ ಕ್ಯಾಮಿನ ಅಂಚಿನವರೆಗೆ ಎಷ್ಟು ಹಲ್ಲು ಎಂದು ಎಣಿಸಿ, ಅದೇ ಮಾದರಿಯ ಸರಿಯಿರುವ ಗಾಡಿಯ ಚಿತ್ರದೊಂದಿಗೆ ಹೋಲಿಸಿ. ಮೂರು ಹಲ್ಲು ಸರಿದಿದ್ದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಚೈನ್ ಸಡಿಲಾಗಿದೆ ಅಥವಾ ಹಲ್ಲು ಹಾರಿದೆ. ಕ್ಯಾಮಿನ ಕೋನ ತಾನಾಗಿ ಬದಲಿಸಿಕೊಳ್ಳುವ ಎಂಜಿನ್ ಆದರೆ ಐಡಲಿನಲ್ಲಿ, ಅದನ್ನು ನಿಯಂತ್ರಿಸುವ ಸೊಲೆನಾಯ್ಡಿನ (ವಿದ್ಯುತ್ ಕವಾಟದ) ಕನೆಕ್ಟರ್ ಬಿಚ್ಚಿ ಎಣಿಸಬೇಕು. ಇಲ್ಲದಿದ್ದರೆ ಸಹಜವಾದ ಸರಿತವನ್ನೇ ದೋಷವೆಂದು ಓದಿಬಿಡುತ್ತೀರಿ. ಎರಡು ವೈರಿನ ಕಾಯಿಲ್ ಸೆನ್ಸರಿನಲ್ಲಿ ಯಾರಾದರೂ ವೈರ್ ಅದಲುಬದಲು ಜೋಡಿಸಿದ್ದರೆ ಅಲೆ ತಲೆಕೆಳಗಾಗಿ ಅಂಚು ಸರಿದಂತೆ ಕಾಣುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ಹೋಲಿಸಲು ಒಳ್ಳೆಯ ಚಿತ್ರ ಬೇಕಲ್ಲ, ಅದಕ್ಕಾಗಿ ಸರ್ವೀಸಿಗೆ ಬಂದ ಆರೋಗ್ಯವಂತ ಗಾಡಿಗಳ ಗೆರೆಯನ್ನು ಹಿಡಿದು ಮಾದರಿ, ವರ್ಷ, ಎಂಜಿನ್ ಹೆಸರು ಬರೆದು ಉಳಿಸಿಕೊಳ್ಳಿ. ಐದು ನಿಮಿಷದ ಕೆಲಸ. ನಮ್ಮ ಜಿಲ್ಲೆಯಲ್ಲಿ ಓಡುವ ಮಾದರಿಗಳು ಬೆರಳೆಣಿಕೆಯವು. ವರ್ಷ ಕಳೆಯುವಷ್ಟರಲ್ಲಿ ನಿಮ್ಮದೇ ಸಂಗ್ರಹವಾಗುತ್ತದೆ.

ಹಲ್ಲು ಹಾರಿದ ಲಕ್ಷಣ ಕಂಡರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಅನೇಕ ಎಂಜಿನುಗಳಲ್ಲಿ ವಾಲ್ವ್ ಪಿಸ್ಟನಿಗೆ ತಾಗಿ ಬಾಗುತ್ತದೆ. ಗಾಡಿ ಘಟ್ಟದ ಮೇಲೆ ನಿಂತಿದ್ದರೆ ಸ್ಟಾರ್ಟ್ ಮಾಡಿ ಇಳಿಸಿಕೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಬೇಡಿ, ಟೋಯಿಂಗ್ ಗಾಡಿ ಕಳಿಸಿ.